ಮನೆಯ ಲಿಪಿಕಾರ

ಆಡಿದ ಮಾತು ಗಾಳಿಗೆ ಹೋಯಿತು ಎಂದು ಹಿರಿಯರು ಹೇಳುವುದುಂಟು. ಗಾಳಿಯ ಮಾರ್ಗವಾಗಿಯೇ ಮನೆಯನ್ನು ಹೊಗುವ ದೂರದರ್ಶನದ ಚಿತ್ರಕ್ಕೆ ಈ ಮಾತು ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಪುಸ್ತಕವಾದರೆ ಕಪಾಟಿನಲ್ಲಿ ಕಾದಿರುತ್ತದೆ. ವಾರಪತ್ರಿಕೆಯಾದರೆ ಅಟ್ಟದ ಮೇಲೆ ಕಟ್ಟಿಟ್ಟ ಗಂಟಿನಲ್ಲಿ ಹುಡುಕಿದರೆ ಸಿಕ್ಕೀತು. ಪ್ರಸಾರವಾದರೋ, ತನ್ನ ಗಳಿಗೆಗೆ ಬಂದು ತನ್ನ ಗಳಿಗೆಗೆ ಹೊರಟುಹೋಗುವ ಅತಿಥಿ. 1987ನೆಯ ಜನವರಿಯಿಂದ 1988ನೆಯ ಜುಲೈ ತಿಂಗಳವರೆಗೆ ಭಾನುವಾರದ ಬೆಳಗ್ಗೆ 'ರಾಮಾಯಣ' ಧಾರಾವಾಹಿ ಪ್ರಸಾರವಾಗುತ್ತಿದ್ದಾಗ ಊರೂರ ಬೀದಿಗಳು ಬರಿದಾಗುತ್ತಿದ್ದುದನ್ನು ಮಧ್ಯವಯಸ್ಸು ದಾಟಿದವರು ಇಂದಿಗೂ ನೆನೆಯುತ್ತಾರೆ. ಜನರಲ್ಲಿ ಭಕ್ತಿಯಿದ್ದುದು ನಿಜವೇ. ಆದರೆ ಆ ಆತುರಕ್ಕೆ ಇನ್ನೊಂದು ಕಾರಣವೂ ಉಂಟು. ಗಳಿಗೆ ತಪ್ಪಿದರೆ ಸೀತಾಸ್ವಯಂವರವೂ ತಪ್ಪಿತು; ಆ ಹೊತ್ತಿಗೆ ಸರಿಯಾಗಿ ವಿದ್ಯುತ್ತು ಹೋಯಿತೆಂದರೆ, ಶಿವಧನುಸ್ಸು ಮುರಿದ ಸಂಗತಿಯನ್ನು ಪಕ್ಕದ ಬಡಾವಣೆಯವರ ಬಾಯಿಂದ ಕೇಳಿ ತಿಳಿಯಬೇಕಾಗಿತ್ತು.

ಹೊತ್ತಿಗೆ ಕಟ್ಟುಬಿದ್ದ ಈ ದಾಸ್ಯದಿಂದ ಮನೆಮಂದಿಯನ್ನು ಬಿಡಿಸುವ ಯಂತ್ರಗಳ ಕಥೆ ಸುಮಾರು ಐವತ್ತು ವರ್ಷಗಳದ್ದು. ಆ ಕಥೆಯ ಇತ್ತೀಚಿನ ಅಧ್ಯಾಯದಲ್ಲಿ ನಾಯಕನ ಪಾತ್ರ ವಹಿಸಿರುವುದು ಅಂಗೈಯಲ್ಲಿ ಹಿಡಿಸುವ, ಒಂದು ಜೊತೆ ಒಳ್ಳೆಯ ಪಾದರಕ್ಷೆಗೆ ಕೊಡುವಷ್ಟು ಬೆಲೆಗೆ ಮಾರಾಟಕ್ಕೆ ಬಂದ ಒಂದು ಕಂಪ್ಯೂಟರು.

ಒರೆಸಿಹೋದ ಚಿತ್ರಗಳು

ಪ್ರಸಾರ ಮಾಡಿದವರೇ ತಮ್ಮ ಕಾರ್ಯಕ್ರಮಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ, ಮನೆಯವರಿಗೇಕೆ ಆ ಚಿಂತೆ ಎಂದು ಕೇಳುವವರುಂಟು. ಇತಿಹಾಸ ಅಷ್ಟು ಭರವಸೆಯನ್ನು ಕೊಡುವುದಿಲ್ಲ. ಅಮೆರಿಕದ ಆಂಪೆಕ್ಸ್ ಸಂಸ್ಥೆ 1956ರಲ್ಲಿ ಪ್ರದರ್ಶಿಸಿದ ಮೊದಲ ವ್ಯಾವಹಾರಿಕ ಚಿತ್ರಮುದ್ರಣ ಯಂತ್ರವು ಎರಡಂಗುಲ ಅಗಲದ ಟೇಪನ್ನು ಬಳಸುತ್ತಿತ್ತು. ಆ ಟೇಪು ಬಲು ದುಬಾರಿ. ಆದರೆ ಒರೆಸಿ ಮತ್ತೆ ಬಳಸಲು ಬರುತ್ತಿತ್ತು. ಬ್ರಿಟನ್ನಿನ ಬಿಬಿಸಿ ಸಂಸ್ಥೆ 1960 ಮತ್ತು 1970ರ ದಶಕಗಳಲ್ಲಿ ನೂರಾರು ಕಾರ್ಯಕ್ರಮಗಳನ್ನು ಹೀಗೆಯೇ ಒರೆಸಿಹಾಕಿತು. ಕಲಾವಿದರೊಡನೆ ಆದ ಒಪ್ಪಂದಗಳು ಮರುಪ್ರಸಾರಕ್ಕೆ ಮಿತಿ ಹಾಕಿದ್ದುವು. ಬಣ್ಣದ ಪ್ರಸಾರ ಬಂದ ಮೇಲೆ ಕಪ್ಪುಬಿಳುಪಿನ ಚಿತ್ರಕ್ಕೆ ಕೇಳುವವರಿಲ್ಲವೆಂಬ ಎಣಿಕೆಯೂ ಇತ್ತು. 1978ರ ಸುಮಾರಿಗೆ ಆ ಪದ್ಧತಿ ನಿಂತಿತಾದರೂ, ಅಷ್ಟರಲ್ಲಿ ಹೋದುದು ಹೋಗಿತ್ತು. 1969ರಲ್ಲಿ ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿಬಿಸಿಯ ಸ್ಟುಡಿಯೋದಿಂದ ನಡೆದ ಪ್ರಸಾರದ ಪೂರ್ಣ ಪ್ರತಿ ಕೂಡ ಆ ಸಂಸ್ಥೆಯಲ್ಲಿ ಉಳಿಯಲಿಲ್ಲ.

1963ನೆಯ ನವೆಂಬರಿನಲ್ಲಿ ಆರಂಭವಾದ 'ಡಾಕ್ಟರ್ ಹೂ' ಎಂಬ ಧಾರಾವಾಹಿ ಬ್ರಿಟನ್ನಿನ ಮಕ್ಕಳಿಗೆ ಅಚ್ಚುಮೆಚ್ಚಾಗಿತ್ತು. ಅದರ ಮೊದಲ ಆರು ವರ್ಷಗಳ ಅನೇಕ ಕಂತುಗಳ ಚಿತ್ರ ಅಳಿಸಿಹೋಯಿತು. ಆದರೆ ಧ್ವನಿ ಅಳಿಯಲಿಲ್ಲ. ಹೇಗೆಂದರೆ, ಆಗಿನ ಕೆಲವು ಹುಡುಗರು ದೂರದರ್ಶನದ ಪೆಟ್ಟಿಗೆಯ ಮುಂದೆ ಮೈಕ್ರೋಫೋನು ಹಿಡಿದು, ಕೆಮ್ಮಬೇಡಿರೆಂದು ಮನೆಯವರನ್ನು ಬೇಡಿಕೊಂಡು, ಟೇಪ್ ರೆಕಾರ್ಡರಿನಲ್ಲಿ ಮಾತನ್ನೂ ಸಂಗೀತವನ್ನೂ ಹಿಡಿದಿಟ್ಟಿದ್ದರು. ಚಿತ್ರ ಕಳೆದುಹೋದ ಒಂದೊಂದು ಕಂತಿನ ಧ್ವನಿಯೂ ಇಂದು ದೊರೆಯುವುದು ಈ ಹವ್ಯಾಸಿಗಳ ದಯೆಯಿಂದ. ವಿದೇಶಗಳಿಗೆ ಮಾರಾಟವಾಗಿದ್ದ ಫಿಲ್ಮಿನ ಪ್ರತಿಗಳಿಂದಲೂ ಕೆಲವು ಕಂತುಗಳು ಮರಳಿ ಬಂದಿವೆ. 2013ರಲ್ಲಿ ನೈಜೀರಿಯ ದೇಶದ ಜೋಸ್ ನಗರದಿಂದ ಒಂಬತ್ತು ಕಂತುಗಳು ಬಂದ ಸುದ್ದಿ ಪ್ರಕಟವಾದಾಗ ಬ್ರಿಟನ್ನಿನ ಪತ್ರಿಕೆಗಳು ಅದನ್ನು ನಿಧಿ ಸಿಕ್ಕಿತೆಂಬಂತೆ ಬರೆದುವು.

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ವೃತ್ತಾಂತ ಹೊಸದೆನಿಸದು. ಒಂದನೆಯ ಗುಣವರ್ಮನ 'ಶೂದ್ರಕ', 'ಹರಿವಂಶ'ಗಳು ಇಂದು ಇಲ್ಲ. ಬೇರೆಯವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಪದ್ಯಗಳಿಂದಲೇ ಅವುಗಳ ರುಚಿಯನ್ನು ಊಹಿಸಬೇಕಾಗಿದೆ. ಚಿತ್ರ ಹೋಗಿ ಧ್ವನಿ ಉಳಿದಂತೆಯೇ ಇದು. ಪೊನ್ನನ ವಿಷಯ ಇನ್ನೂ ಕುತೂಹಲಕರವಾದುದು. ಅವನ 'ಶಾಂತಿಪುರಾಣ' ಉಳಿದಿದೆ, 'ಭುವನೈಕರಾಮಾಭ್ಯುದಯ' ಉಳಿದಿಲ್ಲ. ಕವಿ ಒಬ್ಬನೇ, ಕಾಲವೂ ಒಂದೇ. ಆದರೆ ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸಾವಿರ ಪ್ರತಿ ಮಾಡಿಸಿ ಹಂಚಿದುದು 'ಶಾಂತಿಪುರಾಣ'ವನ್ನು. ಕೃತಿಯ ಆಯುಸ್ಸು ಅದರ ಯೋಗ್ಯತೆಯೊಂದರಿಂದಲೇ ನಿರ್ಣಯವಾಗುವುದಿಲ್ಲ. ಎಷ್ಟು ಮನೆಗಳಲ್ಲಿ ಅದರ ಪ್ರತಿಯಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನ್ಯಾಯಾಲಯವನ್ನು ಹತ್ತಿದ ಪೆಟ್ಟಿಗೆ

ಚಿತ್ರವನ್ನು ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಸೌಕರ್ಯವು ಸಾಮಾನ್ಯ ಗೃಹಸ್ಥರಿಗೆ ಎಟುಕಿದುದು 1975ರಲ್ಲಿ ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ಯಂತ್ರವೂ, ಮರುವರ್ಷ ಜೆವಿಸಿ ಸಂಸ್ಥೆಯ ವಿಎಚ್‌ಎಸ್ ಯಂತ್ರವೂ ಹೊರಬಂದ ಮೇಲೆ. ಜನ ಸಂತೋಷಪಟ್ಟರು, ಚಲನಚಿತ್ರ ಸಂಸ್ಥೆಗಳು ಕೆರಳಿದುವು. ಯೂನಿವರ್ಸಲ್ ಮತ್ತು ಡಿಸ್ನಿ ಸಂಸ್ಥೆಗಳು 1976ರಲ್ಲಿ ಸೋನಿಯ ಮೇಲೆ ದಾವೆ ಹೂಡಿದುವು. ಎಂಟು ವರ್ಷಗಳ ವ್ಯಾಜ್ಯದ ಅನಂತರ, 1984ನೆಯ ಜನವರಿ 17ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ತೀರ್ಪು ಕೊಟ್ಟಿತು: ಪ್ರಸಾರವಾದುದನ್ನು ಮನೆಯವರು ತಮಗೆ ಅನುಕೂಲವಾದ ಹೊತ್ತಿನಲ್ಲಿ ನೋಡುವುದಕ್ಕಾಗಿ ಮುದ್ರಿಸಿಕೊಳ್ಳುವುದು ಅಪರಾಧವಲ್ಲ.

ಆ ತೀರ್ಪಿನಲ್ಲಿ ಒಂದು ಸಾಕ್ಷ್ಯದ ಉಲ್ಲೇಖವಿದೆ. ಮಕ್ಕಳಿಗಾಗಿ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರಾಜರ್ಸ್ ಎಂಬವರು ನ್ಯಾಯಾಲಯದಲ್ಲಿ ಮುದ್ರಣದ ಪರವಾಗಿ ನುಡಿದರು. ಪ್ರಸಾರದ ಹೊತ್ತನ್ನು ನಿಗದಿ ಮಾಡುವವರು ಯಾರೋ. ಮಗುವಿನ ಜೊತೆ ಕುಳಿತು ನೋಡಬೇಕಾದವರು ತಂದೆತಾಯಿಗಳು. ಅವರು ತಮ್ಮ ಹೊತ್ತಿಗೆ ನೋಡುವುದಾದರೆ ಅದರಿಂದ ಕುಟುಂಬದ ಸ್ವಾತಂತ್ರ್ಯ ಹೆಚ್ಚೀತೇ ಹೊರತು ಹಾನಿಯೇನಿಲ್ಲವೆಂಬುದು ಅವರ ವಾದದ ತಿರುಳು. ಕೋಟ್ಯಂತರ ರೂಪಾಯಿನ ವ್ಯಾಜ್ಯದ ನಡುವೆ ಮಗುವಿನ ಪಕ್ಕದಲ್ಲಿ ಕುಳಿತ ತಾಯಿಯೊಬ್ಬಳ ಚಿತ್ರವನ್ನು ತಂದು ನಿಲ್ಲಿಸಿದುದು ಅವರ ಹಿರಿಮೆ.

ಭಾರತದ ಕಾಯಿದೆಯೂ ಈ ವಿಷಯದಲ್ಲಿ ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 39ನೆಯ ವಿಭಾಗವು, ಮುದ್ರಿಸಿಕೊಳ್ಳುವವನು ತನ್ನ ಖಾಸಗಿ ಉಪಯೋಗಕ್ಕಾಗಿ ಮಾಡಿಕೊಳ್ಳುವ ಧ್ವನಿ ಅಥವಾ ದೃಶ್ಯ ಮುದ್ರಣವು ಪ್ರಸಾರಕರ ಹಕ್ಕಿಗೆ ಚ್ಯುತಿಯಲ್ಲವೆಂದು ಹೇಳುತ್ತದೆ. ಬ್ರಿಟನ್ನಿನ 1988ರ ಕಾಯಿದೆಯ 70ನೆಯ ವಿಭಾಗವೂ ಅನುಕೂಲದ ಹೊತ್ತಿಗೆ ನೋಡುವ ಸಲುವಾಗಿ ಮನೆಯಲ್ಲಿ ಮಾಡಿಕೊಂಡ ಮುದ್ರಣಕ್ಕೆ ಅವಕಾಶ ಕೊಟ್ಟಿದೆ. ಎರಡು ಕಡೆಯೂ ಗೆರೆ ಎಳೆದಿರುವುದು ಮನೆಯ ಹೊಸ್ತಿಲಿನಲ್ಲಿ. ಮುದ್ರಿಸಿದುದನ್ನು ಮಾರುವುದಾಗಲಿ ಹೊರಗೆ ಹಂಚುವುದಾಗಲಿ ಈ ವಿನಾಯಿತಿಯೊಳಗೆ ಬರುವುದಿಲ್ಲ.

ರಾಸ್ಪ್‌ಬೆರಿ ಎಂಬ ಹಣ್ಣಿನ ಹೆಸರು

1999ರಲ್ಲಿ ಟೀವೊ ಎಂಬ ಅಮೆರಿಕದ ಯಂತ್ರವು ಟೇಪಿಗೆ ಬದಲಾಗಿ ಡಿಸ್ಕಿನ ಮೇಲೆ ಮುದ್ರಿಸತೊಡಗಿತು. ಅದಕ್ಕೆ ಮಾತ್ರ ಯಂತ್ರದ ಬೆಲೆಯ ಜೊತೆಗೆ ಕಾರ್ಯಕ್ರಮ ಪಟ್ಟಿಯ ಶುಲ್ಕವನ್ನೂ ತೆರಬೇಕಾಗಿತ್ತು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬ ತರುಣ, ತನ್ನ ಮನೆಯ ಕೇಬಲ್ ಪೆಟ್ಟಿಗೆಯ ಜಡತನಕ್ಕೆ ಬೇಸತ್ತು, ಸಾಮಾನ್ಯ ಕಂಪ್ಯೂಟರಿನಿಂದಲೇ ಆ ಕೆಲಸ ಮಾಡಿಸುವ ಮಿಥ್‌ಟಿವಿ ಎಂಬ ತಂತ್ರಾಂಶವನ್ನು ಬರೆಯತೊಡಗಿದ. ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟ. ಆದರೆ ಆಗ ಕಂಪ್ಯೂಟರೆಂದರೆ ದೊಡ್ಡ ಪೆಟ್ಟಿಗೆ; ಬೀಸಣಿಗೆಯ ಗದ್ದಲ; ಹಗಲಿರುಳೂ ಉರಿಸಿದರೆ ವಿದ್ಯುತ್ತಿನ ಬಿಲ್ಲಿನ ಭಯ.

ಈ ತೊಡಕು ಬಿಡಿಸಿದುದು ಬೇರೆಯೇ ಉದ್ದೇಶದಿಂದ ಹುಟ್ಟಿದ ಯಂತ್ರ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಓದಲು ಬರುವವರ ಸಂಖ್ಯೆ ಇಳಿಮುಖವಾಗುತ್ತಿರುವುದನ್ನೂ, ಬಂದವರಿಗೆ ಹಿಂದಿನ ತಲೆಮಾರಿನ ಕೈಚಳಕ ಇಲ್ಲದಿರುವುದನ್ನೂ ಕಂಡು ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಚಿಂತಿಸಿದರು. ಮಕ್ಕಳು ಕೆಡಿಸಿದರೂ ತಂದೆ ಕೋಪಗೊಳ್ಳದಷ್ಟು ಅಗ್ಗವಾದ ಕಂಪ್ಯೂಟರು ಬೇಕೆಂಬುದು ಅವರ ನಿರ್ಣಯ. 2012ನೆಯ ಫೆಬ್ರವರಿ 29ರಂದು 35 ಡಾಲರು ಬೆಲೆಗೆ ರಾಸ್ಪ್‌ಬೆರಿ ಪೈ ಹೊರಬಂದಾಗ, ಕೊಳ್ಳುವವರ ನೂಕುನುಗ್ಗಲಿಗೆ ಮಾರಾಟಗಾರರ ಜಾಲತಾಣಗಳು ತತ್ತರಿಸಿದುವು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಹಳೆಯ ಮಾದರಿಯ ಪ್ರಸಾರ ಪೂರ್ತಿಯಾಗಿ ನಿಂತು, ಭೂಮಿಯ ಮೇಲಿನ ಗೋಪುರಗಳಿಂದ ಬರುವ ಚಿತ್ರವೆಲ್ಲ ಅಂಕಿಗಳ ರೂಪವನ್ನು ತಾಳಿತು. ಮಕ್ಕಳ ಪಾಠಕ್ಕೆಂದು ಬಂದ ಯಂತ್ರವನ್ನು ಹಿರಿಯರು ದೂರದರ್ಶನದ ಬೆನ್ನಿಗೆ ಕಟ್ಟಲು ಈ ಎರಡು ಘಟನೆಗಳು ಕೂಡಿಬಂದುವು. 2018ರ ಅಕ್ಟೋಬರಿನಲ್ಲಿ ತಯಾರಕರೇ ಟಿವಿ ಹ್ಯಾಟ್ ಎಂಬ, ಏರಿಯಲಿನ ತಂತಿಯನ್ನು ನೇರವಾಗಿ ಸಿಕ್ಕಿಸಬಲ್ಲ, ಪುಟ್ಟ ಫಲಕವೊಂದನ್ನು 20 ಪೌಂಡು ಬೆಲೆಗೆ ಹೊರತಂದರು.

ಅಂಚೆಯವನ ಕೆಲಸ

ಇಷ್ಟು ದುರ್ಬಲವಾದ ಯಂತ್ರ ಇಷ್ಟು ದೊಡ್ಡ ಕೆಲಸವನ್ನು ಮಾಡುವುದು ಹೇಗೆ? ಇದರ ರಹಸ್ಯವನ್ನು ತಿಳಿಯಲು ಅಂಚೆ ಕಚೇರಿಯನ್ನು ನೆನೆದರೆ ಸಾಕು. ಅಂಕಿಗಳ ರೂಪದ ಪ್ರಸಾರದಲ್ಲಿ ಒಂದೇ ತರಂಗದ ಮೇಲೆ ಹಲವು ವಾಹಿನಿಗಳು ಒಟ್ಟಿಗೆ ಪಯಣ ಮಾಡುತ್ತವೆ. ಚಿತ್ರವನ್ನೂ ಧ್ವನಿಯನ್ನೂ 188 ಬೈಟುಗಳ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಪ್ರತಿಯೊಂದರ ನೆತ್ತಿಯ ಮೇಲೆ ಅದು ಯಾವುದಕ್ಕೆ ಸೇರಿದುದೆಂಬ ಸಂಖ್ಯೆಯನ್ನು ಬರೆದಿರುತ್ತಾರೆ. ಟ್ಯೂನರು ಇಡೀ ಚೀಲವನ್ನು ತಂದು ಸುರಿಯುತ್ತದೆ. ತಂತ್ರಾಂಶವು ಸಂಖ್ಯೆ ನೋಡಿ ಬೇಕಾದ ಪೊಟ್ಟಣಗಳನ್ನು ಆರಿಸಿ ಡಿಸ್ಕಿಗೆ ಬರೆಯುತ್ತದೆ. ಲಕೋಟೆಯನ್ನು ಒಡೆದು ಪತ್ರ ಓದುವ ಗೋಜಿಗೆ ಅದು ಹೋಗುವುದೇ ಇಲ್ಲ. ಹಳೆಯ ಕಾಲದ ಕಂಪ್ಯೂಟರು ಬರುತ್ತಿದ್ದ ಚಿತ್ರವನ್ನು ತಾನೇ ಅಳೆದು, ತಾನೇ ಸಂಕ್ಷೇಪಿಸಿ ಬರೆಯಬೇಕಾಗಿತ್ತು. ಆ ಶ್ರಮವನ್ನು ಈಗ ಪ್ರಸಾರ ಕೇಂದ್ರವೇ ಮುಗಿಸಿ ಕಳುಹಿಸುತ್ತದೆ. ಮನೆಯ ಯಂತ್ರಕ್ಕೆ ಉಳಿದುದು ಲಿಪಿಕಾರನ ಕೆಲಸ ಮಾತ್ರ: ಕಂಡುದನ್ನು ಕಂಡಂತೆ ನಕಲು ಮಾಡುವುದು.

ಈ ಏರ್ಪಾಡಿನಿಂದ ಒಂದು ಲಾಭವುಂಟು. ಒಂದೇ ತರಂಗದಲ್ಲಿ ಬರುವ ಎರಡು ಮೂರು ವಾಹಿನಿಗಳನ್ನು ಒಂದೇ ಟ್ಯೂನರಿನಿಂದ ಏಕಕಾಲಕ್ಕೆ ಮುದ್ರಿಸಬಹುದು. ಅಜ್ಜನ ವಾರ್ತೆಗೂ ಮೊಮ್ಮಗಳ ನೃತ್ಯಕ್ಕೂ ಜಗಳವಿಲ್ಲ. ಬೇರೆ ಬೇರೆ ತರಂಗಗಳದಾದರೆ ಮಾತ್ರ ಇನ್ನೊಂದು ಟ್ಯೂನರು ಬೇಕಾಗುತ್ತದೆ.

ಲೆಕ್ಕವೂ ಭಯಪಡಿಸುವಂಥದಲ್ಲ. ಸಾಧಾರಣ ಗುಣದ ಚಿತ್ರವು ಸೆಕೆಂಡಿಗೆ 3 ಮೆಗಾಬಿಟ್ ವೇಗದಲ್ಲಿ ಬರುತ್ತದೆಂದು ಇಟ್ಟುಕೊಂಡರೆ ಒಂದು ಗಂಟೆಯ ಕಾರ್ಯಕ್ರಮಕ್ಕೆ 1.35 ಗಿಗಾಬೈಟು ಸ್ಥಳ ಸಾಕು. ಒಂದು ಟೆರಾಬೈಟಿನ ಡಿಸ್ಕು ಏಳುನೂರು ಗಂಟೆಗಳಿಗೂ ಹೆಚ್ಚು ಕಾಲದ ಚಿತ್ರವನ್ನು ಹಿಡಿದೀತು. ಕಂಪ್ಯೂಟರೂ ಡಿಸ್ಕೂ ಸೇರಿ 10 ವಾಟ್ ಬಳಸುತ್ತವೆ ಎಂದು ಎಣಿಸಿದರೆ ಹಗಲಿರುಳು ನಡೆಸಿದರೂ ತಿಂಗಳಿಗೆ 7.2 ಯೂನಿಟ್ ವಿದ್ಯುತ್ತು.

ಕೆಲಸವನ್ನು ಒಪ್ಪಿಸುವ ಕ್ರಮವೂ ಸುಲಭ. ಟಿವಿಹೆಡೆಂಡ್ ಎಂಬ ಉಚಿತ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿದರೆ, ಪ್ರಸಾರದ ಜೊತೆಗೇ ಬರುವ ಕಾರ್ಯಕ್ರಮ ಪಟ್ಟಿಯನ್ನು ಅದು ಓದಿಕೊಳ್ಳುತ್ತದೆ. ಪಟ್ಟಿಯಲ್ಲಿ ಬೇಕಾದುದರ ಮೇಲೆ ಗುರುತು ಹಾಕಿದರಾಯಿತು; ಧಾರಾವಾಹಿಯಾದರೆ ಒಮ್ಮೆ ಹೇಳಿದರೆ ಸಾಕು, ಪ್ರತಿ ಕಂತನ್ನೂ ತಾನೇ ಹಿಡಿಯುತ್ತದೆ. ಮನೆಯ ಬೇರೆ ಕೋಣೆಯಲ್ಲಿರುವ ದೂರದರ್ಶನದಲ್ಲೋ ಕೈಯಲ್ಲಿರುವ ದೂರವಾಣಿಯಲ್ಲೋ ಅದನ್ನು ನೋಡಬಹುದು.

ಅನುಭವಸ್ಥರು ಹೇಳುವ ಮೂರು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಕಾರ್ಯಕ್ರಮಗಳು ಪಟ್ಟಿಯಲ್ಲಿರುವ ಹೊತ್ತಿಗೆ ಸರಿಯಾಗಿ ಮುಗಿಯುವುದಿಲ್ಲ; ಆಟದ ಪಂದ್ಯ ಲಂಬಿಸಿದರೆ ಅದರ ಹಿಂದಿನ ನಾಟಕ ತಡವಾಗಿ ಬರುತ್ತದೆ. ಆದುದರಿಂದ ಆರಂಭಕ್ಕೆ ಎರಡು ನಿಮಿಷ, ಅಂತ್ಯಕ್ಕೆ ಹತ್ತು ನಿಮಿಷ ಹೆಚ್ಚು ಕೊಟ್ಟಿರಬೇಕು. ಇಲ್ಲದಿದ್ದರೆ ಪತ್ತೇದಾರಿ ಕಥೆಯಲ್ಲಿ ಕೊಲೆಗಾರನ ಹೆಸರೊಂದು ಉಳಿದು ಮಿಕ್ಕದ್ದೆಲ್ಲ ದೊರೆತೀತು. ಎರಡನೆಯದಾಗಿ, ಕಂಪ್ಯೂಟರು ಉಸಿರಾಡುವ ಸಣ್ಣ ಮೆಮೊರಿ ಕಾರ್ಡಿನ ಮೇಲೆಯೇ ಚಿತ್ರವನ್ನು ಬರೆಸಕೂಡದು. ಎಡೆಬಿಡದ ಬರವಣಿಗೆಯಿಂದ ಕಾರ್ಡು ಸವೆಯುತ್ತದೆ; ನಡುವೆ ವಿದ್ಯುತ್ತು ಹೋದರೆ ಕೆಡುವುದೂ ಉಂಟು. ಬೇರೆ ಡಿಸ್ಕನ್ನು, ಅದಕ್ಕೆ ಸಾಕಷ್ಟು ವಿದ್ಯುತ್ತು ಒದಗಿಸುವಂತೆ ಜೋಡಿಸಿಕೊಳ್ಳುವುದು ಕ್ಷೇಮ. ಮೂರನೆಯದಾಗಿ, 2023ರಲ್ಲಿ ಐದನೆಯ ಮಾದರಿ ಬರುವವರೆಗೆ ರಾಸ್ಪ್‌ಬೆರಿ ಪೈಗೆ ಸ್ವಂತ ಗಡಿಯಾರವಿರಲಿಲ್ಲ. ಎಚ್ಚರವಾದೊಡನೆ ಅಂತರಜಾಲವನ್ನು ಕೇಳಿ ಹೊತ್ತು ತಿಳಿಯುತ್ತಿತ್ತು. ಅಂತರಜಾಲವಿಲ್ಲದ ಕಡೆ ಹಳೆಯ ಮಾದರಿಯನ್ನು ನಂಬಿದರೆ, ನಿನ್ನೆಯ ಹೊತ್ತಿಗೆ ಇಂದಿನ ಕಾರ್ಯಕ್ರಮವನ್ನು ಕಾಯುತ್ತ ಕುಳಿತೀತು.

ಕನ್ನಡನಾಡಿನ ಮನೆಗಳಲ್ಲಿ

ಈ ವಿಧಾನ ಬ್ರಿಟನ್ನಿನಲ್ಲಿ ಸುಗಮವಾಗಿರುವುದಕ್ಕೆ ಕಾರಣ, ಅಲ್ಲಿ ಮುಖ್ಯ ವಾಹಿನಿಗಳು ಏರಿಯಲಿನ ಮೂಲಕ ಬೀಗವಿಲ್ಲದೆ ಬರುತ್ತವೆ. ಬಿಬಿಸಿಯ ಪರವಾನಗಿ ಶುಲ್ಕವನ್ನು ತೆತ್ತರಾಯಿತು. ಕನ್ನಡನಾಡಿನ ಬಹುಪಾಲು ಮನೆಗಳಿಗೆ ಚಿತ್ರ ಬರುವುದು ಕೇಬಲಿನಿಂದ ಅಥವಾ ಖಾಸಗಿ ಸಂಸ್ಥೆಗಳ ಡಿಶ್ಶಿನಿಂದ. ಅವುಗಳ ವಾಹಿನಿಗಳಿಗೆ ಗೂಢಲಿಪಿಯ ಬೀಗ ಹಾಕಿರುತ್ತದೆ; ಕೀಲಿಕೈ ಇರುವುದು ಅವರೇ ಕೊಟ್ಟ ಪೆಟ್ಟಿಗೆಯಲ್ಲಿ. ಅಂಥ ಮನೆಯವರು ಮುದ್ರಣದ ಸೌಕರ್ಯವುಳ್ಳ ಪೆಟ್ಟಿಗೆಯನ್ನೇ ಆ ಸಂಸ್ಥೆಗಳಿಂದ ಪಡೆಯಬೇಕಾಗುತ್ತದೆ. ಸಂಬಂಧ ಕಡಿದ ದಿನ ಮುದ್ರಿಸಿದುದೂ ಕೈಬಿಡುವ ಸಂಭವವುಂಟು. ಆದರೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ಡಿಶ್ ಸೇವೆಯಲ್ಲಿ ಚಂದನ ವಾಹಿನಿಯೂ ಸೇರಿ, ಮಾಸಿಕ ಶುಲ್ಕವಿಲ್ಲದೆ ಬರುವ ವಾಹಿನಿಗಳು ಅನೇಕವಿವೆ. ಅವುಗಳಲ್ಲಿ ಗೂಢಲಿಪಿಯಿಲ್ಲದೆ ಬರುವುವನ್ನು ಉಪಗ್ರಹದ ಸಂಕೇತವನ್ನು ಗ್ರಹಿಸುವ ಟ್ಯೂನರಿನ ಸಹಾಯದಿಂದ ಈ ಪುಟ್ಟ ಕಂಪ್ಯೂಟರು ಮುದ್ರಿಸಿಕೊಳ್ಳಬಲ್ಲುದು.

ಅಂತರಜಾಲದಲ್ಲಿ ಎಲ್ಲವೂ ದೊರೆಯುವಾಗ ಈ ಕಷ್ಟವೇಕೆ ಎಂಬ ಪ್ರಶ್ನೆಯೂ ಏಳುತ್ತದೆ. ದೊರೆಯುವುದು ದೊರೆಯುವವರೆಗೆ ಮಾತ್ರ. ಹಕ್ಕಿನ ಅವಧಿ ತೀರಿದರೆ ಚಿತ್ರ ಸದ್ದಿಲ್ಲದೆ ಮರೆಯಾಗುತ್ತದೆ. ನಿನ್ನೆ ಅರ್ಧ ನೋಡಿ ನಿಲ್ಲಿಸಿದ ಧಾರಾವಾಹಿ ಇಂದು ಇಲ್ಲವೆಂದು ತಿಳಿದು ಪೆಚ್ಚಾದ ಗೃಹಿಣಿಯರು ಊರಿಗೆ ಹಲವರಿದ್ದಾರು. ಬಾಡಿಗೆಯ ಮನೆಗೂ ಸ್ವಂತ ಮನೆಗೂ ಇರುವ ಅಂತರವೇ ಇಲ್ಲಿಯೂ ಇದೆ.

ಉಳಿಸುವ ಹುಚ್ಚು, ಉಳಿಸುವ ವಿವೇಕ

ಉಳಿಸುವ ಹಂಬಲಕ್ಕೂ ಮಿತಿಯುಂಟೆ? ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ಮೇರಿಯನ್ ಸ್ಟೋಕ್ಸ್ ಎಂಬ ಮಹಿಳೆ ಮೊದಲು ಗ್ರಂಥಪಾಲಕಿಯಾಗಿದ್ದವರು. 1979ರ ಇರಾನ್ ಒತ್ತೆಯಾಳುಗಳ ಪ್ರಕರಣದ ಕಾಲದಿಂದ 2012ನೆಯ ಡಿಸೆಂಬರಿನಲ್ಲಿ ಕಣ್ಣು ಮುಚ್ಚುವವರೆಗೆ, ಮೂವತ್ತಕ್ಕೂ ಹೆಚ್ಚು ವರ್ಷ, ಸುದ್ದಿವಾಹಿನಿಗಳನ್ನು ಹಗಲಿರುಳು ಮುದ್ರಿಸಿದರು. ಮನೆಯಲ್ಲಿ ಹಲವು ಯಂತ್ರಗಳು ಒಟ್ಟಿಗೆ ನಡೆಯುತ್ತಿದ್ದುವು. ಕೆಲವು ಗಂಟೆಗಳಿಗೊಮ್ಮೆ ಟೇಪು ಬದಲಾಯಿಸಬೇಕಾದುದರಿಂದ ಊಟ, ತಿರುಗಾಟ, ಮಾತುಕತೆ ಎಲ್ಲವೂ ಆ ಗಡಿಯಾರಕ್ಕೆ ಕಟ್ಟುಬಿದ್ದುವು. ಬಂಧುಗಳು ದೂರವಾದರು. ಕೊನೆಗೆ ಉಳಿದುವು ಸುಮಾರು 70,000 ಟೇಪುಗಳು. ಹೊತ್ತಿನ ದಾಸ್ಯವನ್ನು ಕಳೆಯಲು ಬಂದ ಯಂತ್ರ ಆ ಮನೆಯಲ್ಲಿ ಇನ್ನೂ ಕಠಿಣವಾದ ದಾಸ್ಯವನ್ನು ಹೇರಿತೆನ್ನಬೇಕು. ಆದರೂ ಸುದ್ದಿ ಹೇಗೆ ಹುಟ್ಟುತ್ತದೆ, ಬೆಳಗಿನ ಮಾತು ಸಂಜೆಗೆ ಹೇಗೆ ಬಣ್ಣ ಬದಲಾಯಿಸುತ್ತದೆ ಎಂಬುದಕ್ಕೆ ಆ ಭಂಡಾರದಷ್ಟು ಅಖಂಡವಾದ ಸಾಕ್ಷಿ ಅಪರೂಪ. ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಆ ಟೇಪುಗಳನ್ನು ಸ್ವೀಕರಿಸಿ, ಅಂಕಿಗಳ ರೂಪಕ್ಕೆ ತರುವ ಹೊಣೆಯನ್ನು ಹೊತ್ತಿತು.

ಇಂದು ಅಷ್ಟು ತ್ಯಾಗ ಬೇಕಾಗಿಲ್ಲ. ಟೇಪು ಬದಲಾಯಿಸುವವರಿಲ್ಲದೆಯೇ ಪುಟ್ಟ ಲಿಪಿಕಾರನು ದೂರದರ್ಶನದ ಹಿಂದೆ ಕುಳಿತು ನಕಲು ಮಾಡುತ್ತಿರುತ್ತಾನೆ. ಸುಲಭವಾದುದರಿಂದಲೇ ಇನ್ನೊಂದು ತೊಂದರೆ ತಲೆದೋರಿದೆ. ಡಿಸ್ಕು ತುಂಬುತ್ತದೆ; ನೋಡುವವರಿಗೆ ಬಿಡುವಿಲ್ಲ. ಮುದ್ರಿಸಿದೆವೆಂಬ ಸಮಾಧಾನವೇ ನೋಡಿದೆವೆಂಬ ಭ್ರಮೆಯಾಗಿ, ಏಳುನೂರು ಗಂಟೆಗಳ ಚಿತ್ರ ಕತ್ತಲಲ್ಲಿ ಕೊಳೆಯುತ್ತದೆ. ಡಿಸ್ಕುಗಳೂ ಅಮರವಲ್ಲ. ಅವು ಕೆಡುವ ಮುನ್ನ ಇನ್ನೊಂದಕ್ಕೆ ನಕಲು ಮಾಡಿಕೊಳ್ಳದವನು, ಗೆದ್ದಲು ತಿಂದ ಮೇಲೆ ಓಲೆಗರಿಯ ಕಟ್ಟನ್ನು ಬಿಚ್ಚಿದವನಂತೆ ಪರಿತಪಿಸಬೇಕಾಗುತ್ತದೆ.

ಆದುದರಿಂದ ತಿಂಗಳಿಗೊಮ್ಮೆಯಾದರೂ ಮನೆಮಂದಿ ಕುಳಿತು ಪಟ್ಟಿಯನ್ನು ತಿರುವಿಹಾಕುವುದು ಒಳ್ಳೆಯದು. ನೋಡಿ ಮುಗಿದ ಧಾರಾವಾಹಿ ಹೋಗಲಿ. ವಾರದ ಹಿಂದಿನ ಪಂದ್ಯವೂ ಹೋಗಲಿ. ಊರಿನ ಹಿರಿಯ ಗಾಯಕರ ಕಚೇರಿ, ತೆರೆಮರೆಗೆ ಸರಿಯುತ್ತಿರುವ ಮೇಳವೊಂದರ ಯಕ್ಷಗಾನ, ಮನೆಯ ಮಗು ಶಾಲೆಯವರೊಡನೆ ಹಾಡಿದ ನಾಲ್ಕು ನಿಮಿಷದ ಕಾರ್ಯಕ್ರಮ — ಇಂಥವು ಬೇರೆಲ್ಲಿಯೂ ಉಳಿಯುವ ಭರವಸೆಯಿಲ್ಲ. ಅವನ್ನು ಎರಡು ಡಿಸ್ಕುಗಳಲ್ಲಿ ಬರೆದಿಟ್ಟು, ಮೇಲೆ ಹೆಸರನ್ನೂ ತಾರೀಖನ್ನೂ ನಮೂದಿಸಿಡಬೇಕು. ಹೆಸರಿಲ್ಲದ ಓಲೆಗರಿಯಿಂದ ವಿದ್ವಾಂಸರು ಪಟ್ಟ ಪಾಡು ಮೊಮ್ಮಕ್ಕಳಿಗೆ ಬಾರದಿರಲಿ.